ಹಿಂದಿನಿಂದ ತೆರೆಯುವ ಪುಸ್ತಕಗಳು

ಶಿರಸಿ ಮಾರಿಕಾಂಬಾ ಜಾತ್ರೆ ಬಂದಾಗ ನಾವು ಪೇಟೆಯಲ್ಲಿ ಒಂದು ಮೇಜು ಹಾಕುತ್ತೇವೆ. ಎಡಕ್ಕೆ ಬಳೆ ಅಂಗಡಿ, ಬಲಕ್ಕೆ ಮಿರ್ಚಿ ಭಜಿ ಗಾಡಿ. ನಡುವೆ ನಾವು ಪ್ರಕಟಿಸಿದ ಹನ್ನೊಂದು ಪುಸ್ತಕ. ಭಜಿ ತಿಂದ ಎಣ್ಣೆ ಕೈಯಲ್ಲೇ ಪುಸ್ತಕ ಎತ್ತಿಕೊಳ್ಳುವವರು ಇರುತ್ತಾರೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ಎತ್ತಿಕೊಂಡರಲ್ಲ, ಅದೇ ದೊಡ್ಡದು.

ಎರಡು ವರ್ಷಕ್ಕೊಮ್ಮೆ ಹೀಗೆ ನಿಂತು ನಿಂತು ನನಗೊಂದು ಸಂಗತಿ ಕಂಡಿದೆ. ಕಾದಂಬರಿ ಕೊಳ್ಳುವವರು ಮೊದಲು ಮುಖಪುಟ ನೋಡುತ್ತಾರೆ, ಆಮೇಲೆ ಬೆನ್ನುಡಿ ಓದುತ್ತಾರೆ. ನಮ್ಮ ಪುಸ್ತಕ ಎತ್ತಿಕೊಂಡವರು ನೇರವಾಗಿ ಕೊನೆಯ ಪುಟಗಳಿಗೆ ಹೋಗುತ್ತಾರೆ. ಅಲ್ಲಿ ಹೆಸರುಗಳ ಪಟ್ಟಿ ಇದೆ. ಊರು, ಮನೆ, ಜೈಲಿಗೆ ಹೋದವರು, ಜಮೀನು ಕಳಕೊಂಡವರು. ಬೆರಳಿಟ್ಟು ಮೇಲಿಂದ ಕೆಳಗೆ ಇಳಿಯುತ್ತಾರೆ. ಬೆರಳು ಎಲ್ಲಾದರೂ ನಿಂತಿತು ಅಂದರೆ ಪುಸ್ತಕ ಹೋಯಿತು ಅಂತ ಲೆಕ್ಕ. ನಿಲ್ಲದೆ ಕೊನೆಗೆ ಬಂತು ಅಂದರೆ ಒಂದು ಪ್ರಶ್ನೆ ಬರುತ್ತದೆ: ‘ನಮ್ಮೂರಿನವರು ಯಾರೂ ಇಲ್ವಾ?’

ನಮ್ಮ ಪ್ರಕಾಶನದ ಹೆಸರು ಇಲ್ಲಿ ಬೇಡ. ಜಾಹೀರಾತು ಬರೆಯಲು ಕೂತಿಲ್ಲ. ಪ್ರಕಾಶನ ಅಂದರೂ ಇರುವುದು ಇಷ್ಟೇ: ನಾನು, ಅಂಕೋಲೆಯ ಒಬ್ಬ ನಿವೃತ್ತ ಮಾಸ್ತರರು, ಲೆಕ್ಕ ಬರೆಯುವ ನನ್ನ ಹೆಂಡತಿ. ನಾನು ಹಗಲು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ಸಂಜೆ ಆರರ ಮೇಲೆ ಪ್ರಕಾಶಕ. ಗೋದಾಮು ಅಂದರೆ ನಮ್ಮ ಮನೆಯ ಮೆತ್ತಿ, ಅಂದರೆ ಮಹಡಿ. ಅಡಿಕೆ ಮೂಟೆ ಇಡುತ್ತಿದ್ದ ಜಾಗದಲ್ಲಿ ಈಗ ಪುಸ್ತಕದ ಕಟ್ಟುಗಳಿವೆ. ಮಾಡುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಚರಿತ್ರೆ ಮಾತ್ರ. ಸ್ವಾತಂತ್ರ್ಯ ಹೋರಾಟ, ಗೇಣಿ, ಕಾಡು, ಮುಳುಗಿದ ಊರು. ಕವನ ಸಂಕಲನ ಹಿಡಿದುಕೊಂಡು ಬಂದವರಿಗೆ ಕವಳದ (ಎಲೆಅಡಿಕೆಯ) ತಬಕು ಮುಂದಿಟ್ಟು, ಚಹಾ ಕೊಟ್ಟು, ಬೇರೆಯವರ ವಿಳಾಸ ಕೊಟ್ಟು ಕಳಿಸುತ್ತೇವೆ.

ಹಳ್ಳಿಯಲ್ಲಿ ಕೂತು ಪುಸ್ತಕ ಮಾಡುವುದು ನಮ್ಮಿಂದ ಶುರುವಾದದ್ದಲ್ಲ. ಘಟ್ಟದ ಮೇಲೆ ಪಕ್ಕದ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1957ರಲ್ಲೇ ಅಕ್ಷರ ಪ್ರಕಾಶನ ಕಟ್ಟಿದರು. ಘಟ್ಟದ ಕೆಳಗೆ ಅಂಕೋಲೆಯ ಅಂಬಾರಕೊಡ್ಲದಲ್ಲಿ ಕವಿ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ನಡೆಸಿದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗಿನಿಂದ ಚಂದಾದಾರರನ್ನು ನಂಬಿಕೊಂಡು ಬಂತು. ಇನ್ನೂ ಹಿಂದೆ ಹೋದರೆ ಗಳಗನಾಥರು ತಮ್ಮ ಪುಸ್ತಕದ ಹೊರೆ ತಾವೇ ಹೊತ್ತು ಊರೂರು ತಿರುಗಿದರು. ಕಟ್ಟು ಹೆಗಲಿಗೆ ಹಾಕಿಕೊಂಡು ಬಸ್ ಹತ್ತುವಾಗ, ಕಂಡಕ್ಟರ್ ‘ಲಗೇಜ್ ಟಿಕೆಟ್ ತಗೊಳ್ಳಿ’ ಅಂದಾಗ, ನನಗೆ ಗಳಗನಾಥರ ನೆನಪಾಗುತ್ತದೆ. ಅವರಿಗೆ ಬಸ್ಸೂ ಇರಲಿಲ್ಲ.

ಮೊದಲ ಪುಸ್ತಕ ಕರನಿರಾಕರಣೆಯದು.

ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6. ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ಮಾಡಿದ್ದು ಏಪ್ರಿಲ್ 13. ಬರೀ ಒಂದು ವಾರ. ಎಂ.ಪಿ. ನಾಡಕರ್ಣಿಯವರ ಮುಂದಾಳುತನ. ಶಾಲೆಯ ಪುಸ್ತಕದಲ್ಲಿ ನಮ್ಮ ಜಿಲ್ಲೆಗೆ ಸಿಗುವುದು ಇದೊಂದು ಸಾಲು, ಜೊತೆಗೆ ‘ಕರ್ನಾಟಕದ ಬಾರ್ಡೋಲಿ’ ಅನ್ನುವ ಬಿರುದು. ಆಮೇಲೆ ನಡೆದದ್ದೇ ದೊಡ್ಡ ಕತೆ. ಅಂಕೋಲೆ, ಸಿದ್ದಾಪುರ, ಶಿರಸಿ ಕಡೆಯ ರೈತರು ಕಂದಾಯ ಕಟ್ಟುವುದಿಲ್ಲ ಅಂತ ಕೂತರು. ಸರಕಾರ ಜಮೀನು ಜಪ್ತಿ ಮಾಡಿತು, ಮನೆ ಸಾಮಾನು ಹೊತ್ತೊಯ್ದಿತು, ಹರಾಜು ಹಾಕಿತು. 1931ರ ಮಾರ್ಚಿಯಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾಗಿ ಸ್ವಲ್ಪ ಉಸಿರಾಡಿದರು. 1932ರಲ್ಲಿ ಮತ್ತೆ ಶುರು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದು, 1938ರಲ್ಲಿ ಅದಕ್ಕೆಂದೇ ಕಾಯಿದೆಯಾದ ಮೇಲೆ ಜಪ್ತಿಯಾದ ಜಮೀನು ವಾಪಸು ಬರುವ ದಾರಿ ತೆರೆಯಿತು. ಅಲ್ಲಿವರೆಗೆ ಎಷ್ಟೋ ಮನೆಯವರು ನೆಂಟರ ಕೊಟ್ಟಿಗೆಯಲ್ಲಿ ದಿನ ಕಳೆದಿದ್ದರು.

ಮುಂಬಯಿ ಎಲ್ಲಿಂದ ಬಂತು ಅಂತ ಹೊರಗಿನವರು ಕೇಳುತ್ತಾರೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ತನಕ ನಾವು ಅಲ್ಲಿಯವರೇ. ಹಾಗಾಗಿ ಶಿರಸಿಯ ಅಜ್ಜನ ಜೈಲಿನ ಕಾಗದ ಹುಡುಕಬೇಕು ಅಂದರೆ ಬೆಂಗಳೂರಿಗೆ ಹೋಗಿ ಪ್ರಯೋಜನ ಇಲ್ಲ. ಕುಮಟೆಯಲ್ಲಿ ರೈಲು ಹತ್ತಿ ಮುಂಬಯಿಗೇ ಹೋಗಬೇಕು. ಕೈದಿಗಳೂ ಹಾಗೇ ಹಂಚಿಹೋಗಿದ್ದರು. ಯರವಡಾ, ಹಿಂಡಲಗಾ, ವಿಸಾಪುರ. ಈ ಮೂರು ಹೆಸರು ನಮ್ಮ ಕಡೆಯ ಹಳೇ ಮನೆಗಳಲ್ಲಿ ನೆಂಟರ ಊರಿನ ಹಾಗೆ ಕಿವಿಗೆ ಬೀಳುತ್ತವೆ.

ಪುಸ್ತಕಕ್ಕಾಗಿ ಮನೆ ಮನೆ ತಿರುಗುವಾಗ ಸಿದ್ದಾಪುರದ ಕಡೆ ಒಬ್ಬ ಅಜ್ಜಿ ಒಂದು ಕಾಗದ ತೋರಿಸಿದರು. ಪೆಟ್ಟಿಗೆಯ ಅಡಿಯಲ್ಲಿ, ಹಳೇ ಸೀರೆಯ ಸೆರಗಿನಲ್ಲಿ ಸುತ್ತಿಟ್ಟಿದ್ದರು. ಜಪ್ತಿ ಪಂಚನಾಮೆಯ ನಕಲು. ಮಡಿಕೆ ಮಡಿಕೆಗೂ ಹರಿದಿತ್ತು. ತಾಮ್ರದ ಹಂಡೆ, ಹಿತ್ತಾಳೆ ಕೊಳದಪ್ಪಲೆ, ತೊಟ್ಟಿಲು, ಕಬ್ಬಿಣದ ಕೊಡಲಿ. ಹೀಗೆ ಒಂದರ ಕೆಳಗೊಂದು. ತೊಟ್ಟಿಲು ಅನ್ನುವ ಕಡೆ ಅಜ್ಜಿ ಬೆರಳಿಟ್ಟು, ‘ಅದರಲ್ಲಿ ಆನೇ ಇದ್ದಿದ್ದಡ’ ಅಂದು ನಕ್ಕರು. ಮಗುವಾಗಿದ್ದ ಅವರನ್ನು ಎತ್ತಿ ಕೆಳಗಿಟ್ಟು ತೊಟ್ಟಿಲು ಹೊತ್ತೊಯ್ದರಂತೆ. ಅವರಿಗೆ ನೆನಪಿರಲು ಸಾಧ್ಯವಿಲ್ಲ. ಆದರೆ ಅವರ ಅವ್ವ ಆ ಕತೆಯನ್ನು ಎಷ್ಟು ಸಲ ಹೇಳಿದ್ದರೋ, ನೆನಪೇ ಆಗಿಬಿಟ್ಟಿತ್ತು.

ಆ ಕಾಗದವನ್ನು ಪುಸ್ತಕದಲ್ಲಿ ಹಾಗೇ ಅಚ್ಚು ಹಾಕಿದೆವು. ಮಾಸ್ತರರಿಗೂ ನನಗೂ ಜಗಳವಾಗಿದ್ದು ಅದಕ್ಕೇ. ‘ಚಿತ್ರ ಒಂದು ಪುಟ ತಿನ್ನುತ್ತದೆ, ಫಾರ್ಮು ಜಾಸ್ತಿಯಾಗುತ್ತದೆ’ ಅಂತ ನನ್ನ ವಾದ. ಹದಿನಾರು ಪುಟಕ್ಕೊಂದು ಫಾರ್ಮು. ಒಂದೇ ಪುಟ ಹೆಚ್ಚಾದರೂ ಉಳಿದ ಹದಿನೈದು ಪುಟದ ಕಾಗದದ ದುಡ್ಡು ಕೊಡಬೇಕು. ಮಾಸ್ತರರು ಆ ಹದಿನೈದು ಪುಟಕ್ಕೂ ಹೆಸರುಗಳ ಪಟ್ಟಿ ತುಂಬಿಸಿಬಿಟ್ಟರು. ಹೀಗೆ ಹುಟ್ಟಿದ್ದು ನಮ್ಮ ಕೊನೆಯ ಪುಟಗಳು. ದೊಡ್ಡ ಯೋಚನೆ ಏನೂ ಇರಲಿಲ್ಲ. ಕಾಗದ ಹಾಳಾಗಬಾರದು ಅನ್ನುವ ಜಿಪುಣತನ.

ಆ ಜಿಪುಣತನ ನಮ್ಮನ್ನು ಸರಿಯಾಗಿ ಹಿಡಿಯಿತು.

ಪುಸ್ತಕ ಬಂದು ತಿಂಗಳಾಗಿರಲಿಲ್ಲ. ಜುಲೈ ತಿಂಗಳ ಜಡಿಮಳೆ. ಒಬ್ಬ ಹಿರಿಯರು ಕೊಡೆ ಮಡಚಿ ಜಗಲಿಯ ಮೂಲೆಗೆ ನಿಲ್ಲಿಸಿ, ಕಂಬಳಿ ಕೊಪ್ಪೆ ತೆಗೆದು, ಒಳಗಿನ ಪ್ಲಾಸ್ಟಿಕ್ ಚೀಲದಿಂದ ನಮ್ಮ ಪುಸ್ತಕ ತೆಗೆದರು. ನೀರಿನ ಒಂದು ಹನಿ ಬಿದ್ದಿರಲಿಲ್ಲ ಅದಕ್ಕೆ. ನನ್ನ ಹೆಂಡತಿ ‘ಆಸ್ರಿಗೆ ಎಂತ ಮಾಡ್ಲಿ?’ ಅಂತ, ಕುಡಿಯಲು ಏನು ಕೊಡಲಿ ಅಂತ ಕೇಳಿದಳು. ‘ಆಸ್ರಿಗೆ ಆಮೇಲೆ, ಮೊದ್ಲು ಇದು’ ಅಂದರು. ಕೊನೆಯ ಪುಟ ತೆರೆದರು.

‘ತಮಾ, ಇಲ್ಲಿ ಗಣಪತಿ ಹೆಗಡೆ ಹೇಳಿ ಬರದ್ಯಲಿ. ಜೈಲಿಗೆ ಹೋದಂವ ಯನ್ನ ಅಪ್ಪಯ್ಯ. ನಿಂಗ ಊರು ಬರದ್ದು ಬ್ಯಾರೆ ಗಣಪತಿ ಹೆಗಡೇದು.’

ಶಿರಸಿ, ಸಿದ್ದಾಪುರದಲ್ಲಿ ಎಷ್ಟು ಜನ ಗಣಪತಿ ಹೆಗಡೆಯವರು ಇದ್ದಾರೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಕಲ್ಲು ಎಸೆದರೆ ಒಬ್ಬರಿಗೆ ತಾಗುತ್ತದೆ, ಅವರು ತಿರುಗಿ ಬೈದರೆ ಮತ್ತಿಬ್ಬರು ಓಗೊಡುತ್ತಾರೆ. ಹಳೇ ಕಾಗದದಲ್ಲಿ ಗಣಪತಿ ಬಿನ್ ಸುಬ್ರಾಯ ಅಂತ ಇತ್ತು. ಹಾಗೆ ಇಬ್ಬರಿದ್ದರು. ಎರಡೂ ಊರಿನ ಹೆಸರು ಹೊಸೂರು. ನಾವು ಒಬ್ಬರನ್ನೇ ಮಾಡಿ, ಇವರ ಅಪ್ಪಯ್ಯನ ಹದಿನಾಲ್ಕು ತಿಂಗಳ ಸೆರೆವಾಸವನ್ನು ಪಕ್ಕದ ಸೀಮೆಯ ಒಬ್ಬರಿಗೆ ಕೊಟ್ಟುಬಿಟ್ಟಿದ್ದೆವು. ಪಕ್ಕದ ಸೀಮೆಯ ಆ ಗಣಪತಿ ಹೆಗಡೆಯವರು ಕಂದಾಯ ಸರಿಯಾಗಿ ಕಟ್ಟಿದವರು. ಅಷ್ಟೇ ಅಲ್ಲ, ಹರಾಜಿನಲ್ಲಿ ಒಂದು ಎಮ್ಮೆಯನ್ನೂ ಕೊಂಡವರಂತೆ!

ನನಗೆ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಗಿದ್ದು. ಒಂದು ಚಹಾ ಕುಡಿದು, ಕವಳ ಹಾಕಿ, ‘ಯಂಗೆ ಎಂಬತ್ತೆರಡಾತು, ಮುಂದಿನ ಮುದ್ರಣಕ್ಕೆ ಕಾಯಲೆ ಆಗ್ತಿಲ್ಲೆ’ ಅಂದರು.

ಆ ರಾತ್ರಿ ಕೂತು ತಿದ್ದುಪಡಿ ಚೀಟಿ ಅಚ್ಚು ಮಾಡಿಸಿದೆವು. ಮೆತ್ತಿಯಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಪ್ರತಿಗೆ ಒಂದೊಂದಾಗಿ ಅಂಟಿಸಿದೆವು. ಮೈದಾ ಅಂಟು ಬೇಡ, ಜಿರಲೆ ಬರುತ್ತದೆ ಅಂತ ಹೆಂಡತಿ ಅಂಗಡಿಯ ಗಮ್ ತರಿಸಿದಳು. ಮಾರಾಟವಾದ ಪ್ರತಿಗಳಿಗೆ ಅಂಚೆಯಲ್ಲಿ ಚೀಟಿ ಕಳಿಸಿದೆವು. ವಿಳಾಸ ಇದ್ದವರಿಗೆ ಮಾತ್ರ. ಬಾಕಿಯವರ ಮನೆಯಲ್ಲಿ ಈಗಲೂ ಆ ಎಮ್ಮೆ ಕೊಂಡವರೇ ಜೈಲಿನಲ್ಲಿದ್ದಾರೆ.

ದೊಡ್ಡ ಊರಿನ ದೊಡ್ಡ ಪ್ರಕಾಶಕರಿಗೂ ಇಂಥ ತಪ್ಪು ಆಗುತ್ತದೆ. ಆದರೆ ಅವರ ಜಗಲಿಗೆ ಯಾರೂ ಕೊಡೆ ಹಿಡಿದು ಬರುವುದಿಲ್ಲ. ನಮ್ಮ ಮನೆ ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ, ಸಂಘದ ಕೌಂಟರಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಹಿಡಿದು ಕೇಳುತ್ತಾರೆ. ಒಮ್ಮೆ ಸಾವಿನ ಮನೆಯಲ್ಲಿ ಒಬ್ಬರು ಪಕ್ಕಕ್ಕೆ ಕರೆದು ‘ಪುಟ 112 ನೋಡಿದ್ರಾ?’ ಅಂದರು. ಬೈಯಲು ಬರುವವರಿಗೆ ದಾರಿ ಹತ್ತಿರವಾಗಿದ್ದರೆ ಬರೆಯುವವರು ಹೇಗೆ ಬರೆಯುತ್ತಾರೆ ಅನ್ನುವುದು ನನಗೆ ಅಲ್ಲಿಂದ ಅರ್ಥವಾಗುತ್ತ ಹೋಯಿತು. ಎಷ್ಟು ಹುಷಾರಾಗುತ್ತಾರೋ, ಕೆಲವೊಮ್ಮೆ ಅಷ್ಟೇ ಅಂಜುತ್ತಾರೆ. ಅಂಜಿದ ಕತೆ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದೆರಡು ಮಾತು ಕಸುಬಿನದು. ಓದುಗರು ಯಾವಾಗಲೂ ಕೇಳುವುದು ‘ಎಷ್ಟು ಲಾಭ?’ ಅಂತ.

ನಾವು ಅಚ್ಚು ಮಾಡಿಸುವುದು ಗದಗ ಅಥವಾ ಹುಬ್ಬಳ್ಳಿಯಲ್ಲಿ. ಒಂದು ಪುಸ್ತಕ 500 ಪ್ರತಿ. ಡೆಮಿ 1/8 ಅಳತೆ, ಹೊಲಿಗೆ ಹಾಕಿದ ಬೈಂಡಿಂಗ್. ಬರೀ ಅಂಟಿನ ಬೈಂಡಿಂಗ್ ಅಗ್ಗ, ಆದರೆ ನಮ್ಮ ಮಳೆಗಾಲಕ್ಕೆ ತಡೆಯುವುದಿಲ್ಲ. ಎರಡನೇ ಮಳೆಗೆ ಹಾಳೆ ಒಂದೊಂದಾಗಿ ಕಳಚಿ ಕೈಗೆ ಬರುತ್ತದೆ. ಕಟ್ಟು ಲಾರಿಯಲ್ಲಿ ಬರುವುದರಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ಏನೂ ತರಿಸುವುದಿಲ್ಲ ಅಂತ ನಿಯಮ ಮಾಡಿಕೊಂಡಿದ್ದೇವೆ. ಮೊದಲ ಪುಸ್ತಕಕ್ಕೆ ಆ ನಿಯಮ ಇರಲಿಲ್ಲ. ಕೆಳಗಿನ ಎರಡು ಕಟ್ಟು ನೆನೆದು, ಬೂಷ್ಟು ಹಿಡಿದು, ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಅಡಿಕೆ ಜೊತೆ ಒಣಗಿದವು. ಆ ಪ್ರತಿಗಳಿಗೆ ಈಗಲೂ ಹೊಗೆ ವಾಸನೆ ಇದೆ. ಒಬ್ಬ ಗಿರಾಕಿ ‘ನಂಗೆ ಆ ಹೊಗೆ ವಾಸ್ನೆದೇ ಬೇಕು’ ಅಂತ ಕೇಳಿ ತಗೊಂಡು ಹೋದರು.

ಅಕ್ಷರದ ಕಾಟ ಬೇರೆ. ಮಾಸ್ತರರು ಬೆರಳಚ್ಚು ಮಾಡುವುದು ‘ನುಡಿ’ ತಂತ್ರಾಂಶದಲ್ಲಿ. ಪ್ರೆಸ್ಸಿನವರು ಅದನ್ನು ಯೂನಿಕೋಡ್ ಮಾಡುತ್ತಾರೆ. ನಡುವೆ ಅರ್ಕಾವತ್ತು ಎಲ್ಲೋ ಬಿದ್ದುಹೋಗುತ್ತದೆ. ಹೊನ್ನಾವರದ ಕರ್ಕಿ ಒಂದು ಕರಡಿನಲ್ಲಿ ‘ಕಕಿ’ ಆಗಿತ್ತು. ನಾಡಕರ್ಣಿಯವರು ‘ನಾಡಕಣಿ’. ಕತೆ ಪುಸ್ತಕದಲ್ಲಿ ಇದು ಅಚ್ಚಿನ ತಪ್ಪು ಅನಿಸಿಕೊಳ್ಳುತ್ತದೆ. ನಮ್ಮ ಪುಸ್ತಕದಲ್ಲಿ ಒಬ್ಬರ ಮನೆತನವೇ ಬದಲಾಗುತ್ತದೆ. ಹಾಗಾಗಿ ಹೆಸರುಗಳ ಪಟ್ಟಿಯನ್ನು ಇಬ್ಬರು ಕೂತು ಗಟ್ಟಿಯಾಗಿ ಓದುತ್ತೇವೆ. ಒಬ್ಬರು ಮೂಲ, ಒಬ್ಬರು ಕರಡು. ಕೇಳಿದವರಿಗೆ ಸಹಸ್ರನಾಮ ಪಾರಾಯಣ ಅನಿಸಬೇಕು.

ಮಾರಾಟದಲ್ಲಿ ಅರ್ಧ ಹೀಗೆ ಮೇಜು ಹಾಕಿ, ಅರ್ಧ ಅಂಚೆಯಲ್ಲಿ. ಪ್ರಕಟಣೆಗೆ ಮುಂಚೆ ಹಣ ಕಳಿಸಿದವರಿಗೆ ಬೆಲೆ ಕಡಿಮೆ. ಕಡಿಮೆ ಖರ್ಚಿನ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅಲ್ಲಿಂದೀಚೆ ತೆಳು ಪುಸ್ತಕ ಕಳಿಸುವಾಗ ಅಂಚೆ ಖರ್ಚು ನೋಡಿದರೆ ಪುಸ್ತಕವನ್ನು ಪುಕ್ಕಟೆ ಕೊಟ್ಟು ಅಂಚೆಯನ್ನು ಮಾರುತ್ತಿದ್ದೇವೆ ಅನಿಸುತ್ತದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕ ಆಯ್ಕೆಯಾದರೆ ಒಂದು ವರ್ಷ ಚೆನ್ನಾಗಿ ಹೋಗುತ್ತದೆ. ಆಗದಿದ್ದರೆ ಅಡಿಕೆ ದುಡ್ಡು ಹಾಕುತ್ತೇವೆ. ಲಾಭದ ಪ್ರಶ್ನೆಗೆ ಇಷ್ಟೇ ಉತ್ತರ.

ಒಂದು ಖರ್ಚು ಮಾತ್ರ ನಾನು ಖುಷಿಯಿಂದ ಮಾಡುತ್ತೇನೆ. 1954ರ ಕಾಯಿದೆ ಪ್ರಕಾರ ಪ್ರತಿ ಹೊಸ ಪುಸ್ತಕವನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದಿಲ್ಲಿಯ ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಮುಂಬಯಿಯ ಕಟ್ಟು ಕಟ್ಟುವಾಗ ಒಂಥರಾ ಅನಿಸುತ್ತದೆ. ಜಪ್ತಿ ಹುಕುಮು ಬಂದ ಊರಿಗೇ ತೊಟ್ಟಿಲಿನ ಪಟ್ಟಿ ವಾಪಸು ಹೋಗುತ್ತಿದೆಯಲ್ಲ ಅಂತ.

ಇನ್ನು ಅಂಜಿದ ಕತೆ.

ಕರನಿರಾಕರಣೆಯ ಪುಸ್ತಕಕ್ಕೆ ಹಾರ ಬಿತ್ತು, ಶಾಲು ಬಿತ್ತು. ಶಾಲೆಗಳಲ್ಲಿ ಭಾಷಣಕ್ಕೆ ಕರೆದರು. ಅಜ್ಜಂದಿರ ಹೆಸರು ಇದ್ದ ಮನೆಯವರು ಹತ್ತು ಹತ್ತು ಪ್ರತಿ ಕೊಂಡರು. ಆಗ ಮಾಸ್ತರರು ಎರಡನೇ ಪುಸ್ತಕದ ಮಾತು ಎತ್ತಿದರು. ‘ಕಂದಾಯ ಕಟ್ಟದೆ ಇದ್ದವರ ಕತೆ ಆಯಿತು. ಅವರ ಗದ್ದೆ ಉಳುತ್ತಿದ್ದವರದು?’

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹೊಳೆಯಿತು, ಹೇಳಲಿಲ್ಲ ಅನ್ನುವುದೇ ಸರಿ.

ಈ ಜಿಲ್ಲೆಯಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಬಗೆ ಇದ್ದವು. ಮೂಲಗೇಣಿದಾರನಿಗೆ ಗದ್ದೆ ಕಾಯಂ. ಚಾಲಗೇಣಿಯವನನ್ನು ಒಡೆಯರು ಬೇಕಾದಾಗ ಬಿಡಿಸಬಹುದಿತ್ತು. 1883ರಲ್ಲಿ ಮುಂಬಯಿ ಸರಕಾರ ಅಚ್ಚು ಮಾಡಿದ ಕೆನರಾ ಗ್ಯಾಸೆಟಿಯರ್‌ನ ಎರಡು ಭಾಗಗಳಲ್ಲಿ ಗೇಣಿಯ ವಿವರವೆಲ್ಲ ಇದೆ. ಗೇಣಿ ಕೊಟ್ಟವರ ಹೆಸರು ಇಲ್ಲ. 1940ರಲ್ಲಿ ದಿನಕರ ದೇಸಾಯಿಯವರು ಅಂಕೋಲೆಯ ಕಡೆ ರೈತಕೂಟ ಕಟ್ಟಿ ಒಕ್ಕಲುಗಳನ್ನು ಒಂದುಗೂಡಿಸಿದರು. ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಹತ್ತು ವರ್ಷ ಮುಂಚೆ ಅದೇ ನೆಲದಲ್ಲಿ ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಅಂದಿದ್ದರು. ಈಗ ಒಕ್ಕಲುಗಳು ಒಡೆಯರಿಗೆ ಇಷ್ಟು ಗೇಣಿ ಯಾಕೆ ಅಂತ ಕೇಳಿದರು. ಜೈಲು ಕಂಡು ಬಂದ ಎಷ್ಟೋ ಒಡೆಯರಿಗೆ ಈ ಪ್ರಶ್ನೆ ಹಿಡಿಸಲಿಲ್ಲ. ಕೊನೆಗೆ 1974ರ ಭೂಸುಧಾರಣೆ ತಿದ್ದುಪಡಿ ಬಂದು, ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರು. ನಮ್ಮ ಕಡೆ ಅದನ್ನು ‘ಡಿಕ್ಲರೇಷನ್ ಕೊಟ್ಟಿದ್ದು’ ಅನ್ನುತ್ತಾರೆ. ಒಡೆಯರ ಮನೆಯಲ್ಲಿ ಆ ಶಬ್ದ ಹೇಳುವ ದನಿ ಬೇರೆ, ಒಕ್ಕಲು ಮನೆಯಲ್ಲಿ ಹೇಳುವ ದನಿ ಬೇರೆ.

ನಮ್ಮದು ಒಡೆಯರ ಮನೆ. ನನ್ನ ಅಜ್ಜ 1932ರಲ್ಲಿ ಹಿಂಡಲಗಾ ಜೈಲಿನಲ್ಲಿದ್ದವರು. ಮೊದಲ ಪುಸ್ತಕದ ಪಟ್ಟಿಯಲ್ಲಿ ಅವರ ಹೆಸರಿದೆ, ಊರು ಸರಿಯಾಗಿದೆ, ಅರ್ಕಾವತ್ತು ಸರಿಯಾಗಿದೆ. ಎರಡನೇ ಪುಸ್ತಕಕ್ಕಾಗಿ ಮಾಸ್ತರರು ಮಾತಾಡಿಸಿದವರಲ್ಲಿ ನಮ್ಮ ಗದ್ದೆಯನ್ನೇ ಉಳುತ್ತಿದ್ದ ಮನೆಯ ಒಬ್ಬರು ಇದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನೂ ಜೊತೆಗೆ ಹೋಗಿದ್ದೆ. ‘ಹೆಗ್ಡೇರು ಬೇಜಾರು ಮಾಡ್ಕಬಾರ್ದು’ ಅಂತ ಮೂರು ಸಲ ಹೇಳಿ, ಆಮೇಲೆ ಹೇಳಿದರು: ‘ನಿಮ್ಮನೇಲಿ ಎರಡು ಕೊಳಗ ಇತ್ತು. ಗೇಣಿ ಅಳೆದು ತಗೊಳ್ಳೂಕೆ ಒಂದು. ನಮಗೆ ಕಡ ಕೊಡೂಕೆ ಇನ್ನೊಂದು.’

ನಾನು ಏನೂ ಹೇಳಲಿಲ್ಲ. ಆ ಎರಡು ಕೊಳಗ ಎಲ್ಲಿವೆ ಅಂತ ನನಗೆ ಗೊತ್ತಿತ್ತು. ಮೆತ್ತಿಯಲ್ಲಿ, ಪುಸ್ತಕದ ಕಟ್ಟುಗಳ ಪಕ್ಕ. ಒಂದರಲ್ಲಿ ಸುತಳಿ ಮತ್ತು ಕತ್ತರಿ ಇಡುತ್ತೇವೆ, ಇನ್ನೊಂದರಲ್ಲಿ ಆ ತಿದ್ದುಪಡಿ ಚೀಟಿಯ ಉಳಿಕೆ.

ಮನೆಗೆ ಬಂದು ಎರಡನ್ನೂ ಕೆಳಗಿಳಿಸಿದೆ. ಸುತಳಿ ತೆಗೆದೆ, ಚೀಟಿ ತೆಗೆದೆ. ನೋಡಲಿಕ್ಕೆ ಎರಡೂ ಒಂದೇ. ಹಲಸಿನ ಮರದ್ದು, ಹಿತ್ತಾಳೆ ಪಟ್ಟಿ, ಕೈ ತಾಗಿ ತಾಗಿ ನುಣುಪಾದದ್ದು. ಹೆಂಡತಿ ಅಡಿಗೆಮನೆಯಿಂದ ಸಿದ್ದೆ ತಂದಳು. ಭತ್ತ ಇರಲಿಲ್ಲ, ಅಕ್ಕಿಯಲ್ಲೇ ಅಳೆದೆವು. ಸಿದ್ದೆ ಸಿದ್ದೆಯಾಗಿ ಹಾಕುತ್ತ ಅವಳು ಎಣಿಸಿದಳು. ಮೊದಲನೆಯದು ತುಂಬಿತು. ಎರಡನೆಯದಕ್ಕೆ ಅಷ್ಟೇ ಹಾಕಿದೆವು, ತುಂಬಲಿಲ್ಲ. ಇನ್ನೊಂದು ಸಿದ್ದೆ ಹಾಕಿದಳು. ಮತ್ತೂ ಅರ್ಧ ಹಿಡಿಯಿತು. ಹೊರಗೆ ಬೆರಳಿಟ್ಟು ನೋಡಿದರೆ ಗೊತ್ತೇ ಆಗುವುದಿಲ್ಲ. ಒಳಗೆ ತಳವನ್ನು ಕೆತ್ತಿ ತೆಳು ಮಾಡಿದ್ದರು.

ಒಂದೂವರೆ ಸಿದ್ದೆ. ಹೆಂಡತಿ ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿಯುತ್ತ, ‘ಇದನ್ನೂ ಬರೀತ್ರಾ?’ ಅಂದಳು.

ಎರಡು ವಾರ ನಾನು ಆ ಪುಟವನ್ನು ಪ್ರೆಸ್ಸಿಗೆ ಕಳಿಸದೆ ಇಟ್ಟುಕೊಂಡೆ. ಮಾಸ್ತರರಿಗೆ ಫೋಂಟಿನ ತೊಂದರೆ ಅಂದೆ. ಆ ಮನುಷ್ಯ ಏನೂ ಕೇಳಲಿಲ್ಲ, ನನ್ನ ಬಾಯಿಂದಲೇ ಬರಲಿ ಅಂತ ಕಾದರು. ಮೂರನೇ ವಾರ ಕಳಿಸಿದೆ. ಕೊಳಗದ ಅಳತೆಯನ್ನು ನಾನೇ ಬರೆದು ಸೇರಿಸಿದೆ, ಮನೆಯ ಹೆಸರು ಸಮೇತ. ಧೈರ್ಯ ಅಂತ ಏನೂ ಇಲ್ಲ ಇದರಲ್ಲಿ. ಗಣಪತಿ ಹೆಗಡೆಯವರ ಮಗ ಮಳೆಯಲ್ಲಿ ಕೊಡೆ ಹಿಡಿದು ಬಂದದ್ದು ಕಣ್ಣ ಮುಂದಿತ್ತು. ನಾಳೆ ಆ ಒಕ್ಕಲು ಮನೆಯವರು ಹಾಗೇ ಬಂದು ಪುಟ ತೆರೆದು ಬೆರಳಿಟ್ಟರೆ?

ಪುಸ್ತಕ ಬಂದ ಮೇಲೆ ಬಿಡುಗಡೆಗೆ ಜನ ಅಷ್ಟೇನೂ ಸೇರಲಿಲ್ಲ. ಫೋನು ಮಾತ್ರ ತುಂಬ ಬಂತು. ಹುಬ್ಬಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನದು ಮೊದಲು. ‘ಅಜ್ಜನ ಜೈಲು ಬರದ್ಯಲಾ, ಚೊಲೋ ಆಗಿತ್ತು. ಕೊಳಗದ ಲೆಕ್ಕ ಎಂತಕ್ಕೆ ಬೇಕಾಗಿತ್ತು? ಮನೆ ಮರ್ಯಾದೆ ಹೇಳಿ ಒಂದು ಇರ್ತಿಲ್ಯಾ?’ ಅಜ್ಜನೇ ತಳ ಕೆತ್ತಿಸಿದ್ದು ಅಂತ ನಾನು ಬರೆದಿಲ್ಲ, ಅದು ಅವರ ಅಜ್ಜನ ಕಾಲದ್ದೂ ಇರಬಹುದು ಅಂದೆ. ‘ಹಂಗಾದ್ರೆ ಅದನ್ನೂ ಬರಿ, ಇನ್ನೂ ಹಿಂದಿನವ್ರ ಮರ್ಯಾದೆನೂ ತೆಗಿ’ ಅಂದು ಫೋನಿಟ್ಟರು. ಆ ವರ್ಷ ಚೌತಿಗೆ ಬರಲಿಲ್ಲ. ಮುಂದಿನ ವರ್ಷ ಬಂದರು. ಊಟವಾದ ಮೇಲೆ ಸದ್ದಿಲ್ಲದೆ ಮೆತ್ತಿ ಹತ್ತಿ, ಎರಡು ಕೊಳಗಕ್ಕೂ ಕೈ ಹಾಕಿ ಒಳಗೆ ಸವರಿ ನೋಡಿದ್ದನ್ನು ನಾನು ಮೆಟ್ಟಿಲಿನಿಂದ ನೋಡಿದೆ. ಇಳಿದು ಬಂದು ಅಡಿಕೆ ದರದ ಮಾತು ತೆಗೆದರು.

ಕಾರವಾರದ ಬಗ್ಗೆ ಬರೆಯುವವರೆಲ್ಲ ಟಾಗೋರರಿಂದ ಶುರು ಮಾಡುತ್ತಾರೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ರವೀಂದ್ರರು ಬಂದು ಇದ್ದದ್ದು, ಕಡಲು ನೋಡಿದ್ದು, ನಾಟಕ ಬರೆದದ್ದು. ಚಂದದ ಕತೆಯೇ, ಆದರೆ ನಮ್ಮ ಹನ್ನೊಂದರಲ್ಲಿ ಟಾಗೋರ್ ಇಲ್ಲ. ಕಾಳಿ ನದಿಗೆ ಅಣೆಕಟ್ಟು ಬಂದು ಹಳೇ ಸೂಪಾ ಮುಳುಗಿದ್ದರ ಬಗ್ಗೆ ಒಂದಿದೆ. ಊರು ನೀರಿನೊಳಗೆ ಹೋಯಿತು, ಜನ ರಾಮನಗರದ ಕಡೆ ಹೋದರು, ತಾಲೂಕು ಜೋಯಿಡಾ ಆಯಿತು. ಸೀಬರ್ಡ್ ನೌಕಾನೆಲೆಗಾಗಿ ಕಡಲ ದಂಡೆ ಬಿಟ್ಟವರದು ಇನ್ನೂ ಕೈಬರಹದಲ್ಲಿದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರ ಸಲ್ಕಣಿಯ ಜನ ಮರ ಅಪ್ಪಿಕೊಂಡದ್ದರದು ತೆಳು ಪುಸ್ತಕ, ಅದೇ ಎಲ್ಲಕ್ಕಿಂತ ಹೆಚ್ಚು ಖರ್ಚಾಗಿದ್ದು. ಹುಡುಗರು ಅದನ್ನು ಮುಂದಿನಿಂದ ಓದುತ್ತಾರೆ.

ಮಾಡಲಾಗದೆ ಉಳಿದದ್ದು ಹೆಚ್ಚು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ತೀರಿಕೊಂಡದ್ದು 2025ರ ಫೆಬ್ರವರಿಯಲ್ಲಿ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನೂ, ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿ ಹೋರಾಡಿದ ನೆನಪುಗಳನ್ನೂ ಒಂದೇ ಎದೆಯಲ್ಲಿಟ್ಟುಕೊಂಡಿದ್ದವರು. ಮಾಸ್ತರರ ಮನೆಯಿಂದ ಬಡಗೇರಿ ದೂರವೇನಿಲ್ಲ. ಮಳೆಗಾಲ ಮುಗಿಯಲಿ, ಚುನಾವಣೆ ಮುಗಿಯಲಿ, ಆ ಪುಸ್ತಕ ಮುಗಿಯಲಿ ಅಂತ ಮುಂದೆ ಹಾಕುತ್ತ ಬಂದೆ. ಇದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಈಗ ಮೊದಲ ಪುಸ್ತಕದ ಮೂರನೇ ಮುದ್ರಣದ ಕೆಲಸ ನಡೆದಿದೆ. ಗಣಪತಿ ಹೆಗಡೆಯವರು ತಮ್ಮ ಊರಿಗೆ ಬಂದಿದ್ದಾರೆ. ಅವರ ಮಗ ಎರಡನೇ ಮುದ್ರಣವನ್ನೂ ನೋಡಿಯೇ ಹೋದರು. ಈ ಸಲ ತೊಂದರೆ ಕೊಡುತ್ತಿರುವುದು ಹೆಂಗಸರ ಹೆಸರು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಹರಾಜಿನಲ್ಲಿ ಮಾಲು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕೂತಿದ್ದರು. ಅಲ್ಲೊಂದು ಸ್ಮಾರಕವೂ ಇದೆ. ಆದರೆ ಆ ಕಾಲದ ಕಾಗದದಲ್ಲಿ ಹೆಂಗಸರು ಬರುವುದೇ ‘ಕೋಂ’, ಅಂದರೆ ಹೆಂಡತಿ, ಅನ್ನುವುದನ್ನು ಹಿಡಿದುಕೊಂಡು. ಇಂಥವರ ಕೋಂ, ಇಂಥವರ ಕೋಂ. ಗಂಡಸರನ್ನು ಅಕಾರಾದಿಯಲ್ಲಿ ಹಾಕುವುದು ಸುಲಭ. ಹೆಂಗಸರನ್ನು ಎಲ್ಲಿ ಹಾಕುವುದು? ಮೊದಲ ಎರಡು ಮುದ್ರಣದಲ್ಲಿ ಗಂಡನ ಹೆಸರಿನ ಕೆಳಗೆ ‘ಇವರ ಪತ್ನಿಯೂ’ ಅಂತ ಸೇರಿಸಿ ಮುಗಿಸಿದ್ದೆವು. ಪಟ್ಟಿ ಗಟ್ಟಿಯಾಗಿ ಓದುವಾಗ ನನ್ನ ಹೆಂಡತಿ ನಡುವೆ ತಡೆದು, ‘ಅವ್ರಿಗೆ ಹೆಸರು ಇರ್ಲಿಲ್ಯಾ?’ ಅಂದಳು.

ಹಾಗಾಗಿ ಮತ್ತೆ ಮನೆ ಮನೆಗೆ ಫೋನು. ಹೆಚ್ಚಿನ ಕಡೆ ಹೆಸರು ಸಿಕ್ಕಿತು. ಕೆಲವು ಕಡೆ ಎರಡು ಹೆಸರು ಸಿಕ್ಕಿತು, ತವರಿನದು ಒಂದು, ಮದುವೆಯಲ್ಲಿ ಇಟ್ಟದ್ದು ಒಂದು. ಎರಡನ್ನೂ ಹಾಕಿದ್ದೇವೆ. ಒಂದು ಮನೆಯಲ್ಲಿ ಮಾತ್ರ ನಿಂತಿದೆ. ಮೊಮ್ಮಗಳು ಈಗ ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಅಜ್ಜಿಯ ಹೆಸರು ಕೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ.

‘ಯಂಗ ಎಲ್ಲ ಅಮ್ಮಮ್ಮ ಹೇಳೇ ಕರೀತಿದ್ಯ’ ಅಂದಳು.

ಅಪ್ಪ ಇಲ್ಲ, ಅತ್ತೆ ಒಬ್ಬರು ಯಲ್ಲಾಪುರದ ಕಡೆ ಇದ್ದಾರೆ, ಅವರಿಗೆ ಕಿವಿ ಕೇಳಿಸುವುದಿಲ್ಲ, ಭಾನುವಾರ ಅವರ ಮಗನ ಕೈಯಲ್ಲಿ ಕೇಳಿಸಿ ಹೇಳುತ್ತೇನೆ ಅಂದಿದ್ದಾಳೆ. ಪ್ರೆಸ್ಸಿನವರಿಗೆ ಸೋಮವಾರದ ತನಕ ಪ್ಲೇಟ್ ಹಾಕಬೇಡಿ ಅಂತ ಹೇಳಿದ್ದೇನೆ.